ಓದಿ ಹೇಳುವವರಿದ್ದ ಕಾಲ

ನಮ್ಮ ಹಳ್ಳಿಗಳಿಗೆ ರೇಡಿಯೋ ಯಾವಾಗ ಬಂತು, ಟೆಲಿವಿಷನ್ ಯಾವಾಗ ಬಂತು, ದೂರವಾಣಿ ಯಾವಾಗ ಬಂತು ಎಂದು ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳ ಮಕ್ಕಳೂ ಆಗಾಗ ಕೇಳುವುದುಂಟು. ಇಸವಿಗಳನ್ನು ಹೇಳುವುದು ಅಷ್ಟೇನೂ ಕಷ್ಟವಲ್ಲ. ಆದರೆ ಯಂತ್ರವೊಂದು ಊರಿಗೆ ಬಂದ ದಿನವೇ ಊರಿನ ಎಲ್ಲರಿಗೂ ದಕ್ಕಿತೆಂದು ಯಾರೂ ತಿಳಿಯಬಾರದು. ಸುದ್ದಿಗೂ ಅದು ತಲುಪಬೇಕಾದ ಮನುಷ್ಯರಿಗೂ ನಡುವೆ ಯಾರಾದರೊಬ್ಬರು ನಿಂತಿರುತ್ತಿದ್ದರು. ಕಾಗದ ಓದಿ ಹೇಳುವ ಮೇಷ್ಟ್ರು, ತಂತಿ ತರುವ ಅಂಚೆಯವರು, ರೇಡಿಯೋ ಪೆಟ್ಟಿಗೆಯ ಬೀಗದಕೈ ಇಟ್ಟುಕೊಂಡ ಪಂಚಾಯಿತಿಯವರು, ಟೆಲಿವಿಷನ್ ಇದ್ದ ಮನೆಯ ಯಜಮಾನರು, ಎಸ್.ಟಿ.ಡಿ. ಬೂತಿನವರು ಹೀಗೆ. ನಮ್ಮ ಭಾಗದಲ್ಲಿ ಈ ಸಾಧನಗಳ ಚರಿತ್ರೆಯೆಂದರೆ, ನಡುವೆ ನಿಂತಿದ್ದ ಇವರೆಲ್ಲ ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದ ಚರಿತ್ರೆಯೆಂದೇ ನನಗೆ ತೋರುತ್ತದೆ. ಅವರಲ್ಲಿ ನಾನೂ ಒಬ್ಬನಾಗಿದ್ದುದರಿಂದ ಈ ಕೆಲವು ಸಂಗತಿಗಳನ್ನು ಬರೆದಿಡುವುದು ಯುಕ್ತವೆಂದು ಭಾವಿಸಿದ್ದೇನೆ.

ನಾನು ಮಾಸ್ತರಿಕೆಗೆ ಸೇರಿದ್ದು 1970ರಲ್ಲಿ, ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ. ಆಗ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಊರಿನ ಬಡಗಣ ದಿಕ್ಕಿಗೆ ಸ್ವಲ್ಪ ದೂರ ನಡೆದರೆ ಆಂಧ್ರದ ಗಡಿ, ಅದರಾಚೆ ಹಿಂದೂಪುರದ ಸೀಮೆ. ಮನೆಗಳಲ್ಲಿ ಹೆಚ್ಚಾಗಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ, ಸಂತೆಯಲ್ಲಿ ಎರಡೂ. 1971ರ ಜನಗಣತಿಯ ಕಾಲಕ್ಕೆ ನಮ್ಮ ರಾಜ್ಯದ ಹೆಂಗಸರಲ್ಲಿ ಓದುಬರಹ ಬಲ್ಲವರು ನಾಲ್ವರಿಗೆ ಒಬ್ಬರಷ್ಟೂ ಇರಲಿಲ್ಲ. ಹಳ್ಳಿಗಳಲ್ಲಿ ಅದಕ್ಕಿಂತಲೂ ಕಡಿಮೆ. ಆದುದರಿಂದ ಸಂಜೆ ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಎರಡನೆಯ ಉದ್ಯೋಗ ಆರಂಭವಾಗುತ್ತಿತ್ತು. ಬಂದ ಕಾಗದಗಳನ್ನು ಓದಿ ಹೇಳುವುದು, ಹೋಗಬೇಕಾದ ಕಾಗದಗಳನ್ನು ಬರೆದು ಕೊಡುವುದು.

ಕಾಗದಕ್ಕೆ ಒಂದು ಒಕ್ಕಣೆಯಿತ್ತು. ಮೇಲೆ 'ಕ್ಷೇಮ' ಎಂದು ಬರೆದು, ಹಿರಿಯರಿಗಾದರೆ 'ತೀರ್ಥರೂಪು ಸಮಾನರಾದ' ಎಂದು, ಕಿರಿಯರಿಗಾದರೆ 'ಚಿರಂಜೀವಿ' ಎಂದು ಆರಂಭಿಸಿ, ಇಲ್ಲಿ ನಾವೆಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರತಕ್ಕದ್ದು ಎಂದು ಮುಂದುವರಿಸಬೇಕು. ಮದುವೆಯ ಕಾಗದವಾದರೆ ಅಂಚಿಗೆ ಅರಿಶಿನ. ಸಾವಿನ ಕಾಗದವಾದರೆ ಮೂಲೆಗಳಿಗೆ ಕಪ್ಪು. ಅದನ್ನು ಮನೆಯೊಳಗೆ ತಾರದೆ ಓದಿದ ಕೂಡಲೇ ಹರಿದುಹಾಕುತ್ತಿದ್ದರು. ಓದು ಬಾರದವರಿಗೂ ಈ ಎರಡು ಬಣ್ಣಗಳು ಅರ್ಥವಾಗುತ್ತಿದ್ದವು. ಉಳಿದ ಮಾತಿಗೆಲ್ಲ ನಾವು ಬೇಕು.

ಗಡಿಯ ಊರಾದ್ದರಿಂದ ನಮ್ಮಲ್ಲಿ ಇನ್ನೊಂದು ತೊಡಕಿತ್ತು. ಮಗಳನ್ನು ಹಿಂದೂಪುರದ ಕಡೆಗೆ ಕೊಟ್ಟಿದ್ದ ತಾಯಿ ತೆಲುಗಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೆ. ಅಲ್ಲಿ ಕನ್ನಡ ಬಲ್ಲ ಯಾರೋ ಅದನ್ನು ಮತ್ತೆ ತೆಲುಗಿಗೆ ತಿರುಗಿಸಿ ಮಗಳಿಗೆ ಹೇಳಬೇಕು. ಅವಳ ಉತ್ತರ ತೆಲುಗು ಲಿಪಿಯಲ್ಲಿ ಬರುತ್ತಿತ್ತು. ಒಂದೇ ಭಾಷೆಯನ್ನಾಡುವ ತಾಯಿ ಮಗಳ ಮಾತು ಇಪ್ಪತ್ತು ಮೂವತ್ತು ಕಿಲೋಮೀಟರ್ ದಾಟಲು ಎರಡು ಲಿಪಿಗಳನ್ನೂ ಇಬ್ಬರು ಅಪರಿಚಿತ ಗಂಡಸರನ್ನೂ ಹಾದು ಹೋಗಬೇಕಾಗಿತ್ತು.

ಹೀಗೆ ಹಾದುಹೋಗುವ ಮಾತಿನಲ್ಲಿ ಏನು ಉಳಿದೀತು? ಅತ್ತೆ ಕಷ್ಟ ಕೊಡುತ್ತಾಳೆಂದು, ಗಂಡ ಹೊಡೆಯುತ್ತಾನೆಂದು ಯಾವ ಹೆಣ್ಣುಮಗಳು ತಾನೇ ಬರೆಸಿಯಾಳು? ಬರೆದುಕೊಡುವವರು ಆ ಊರಿನವರೇ, ಹಲವು ಸಲ ಗಂಡನ ಮನೆಯ ನಂಟರೇ. ಹೀಗಾಗಿ ಎಲ್ಲ ಕಾಗದಗಳೂ ಕ್ಷೇಮವನ್ನೇ ಹೇಳುತ್ತಿದ್ದವು. ಒಮ್ಮೆ ಸಂಕ್ರಾಂತಿ ಕಳೆದು ಕೆಲವೇ ದಿನಗಳಾಗಿದ್ದಾಗ ಬಂದ ಕಾಗದವೊಂದರಲ್ಲಿ, ಎಂದಿನ ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ, ಗೌರಿ ಹಬ್ಬಕ್ಕೆ ಅಣ್ಣನನ್ನು ಕಳುಹಿಸಿಕೊಡಿ ಎಂಬ ಸಾಲಿತ್ತು. ಗೌರಿ ಹಬ್ಬಕ್ಕೆ ಇನ್ನೂ ಏಳು ತಿಂಗಳಿತ್ತು. ಓದಿ ಮುಗಿಸಿದಾಗ ಆ ತಾಯಿ, "ಆ ಕೊನೇ ಸಾಲು ಇನ್ನೊಂದ್ಸಲ ಓದಿ ಮೇಷ್ಟ್ರೇ" ಎಂದರು. ಓದಿದೆ. ಮರುಮಾತಾಡದೆ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಮಾರನೆಯ ಬೆಳಗ್ಗೆ ಅವರ ಹಿರಿಯ ಮಗ ಗಡಿಯಾಚೆಯ ಊರಿಗೆ ಹೊರಟ. ಮೂರನೆಯ ದಿನ ತಂಗಿಯನ್ನು ಕರೆದುಕೊಂಡು ಬಂದ. ಆಕೆಯ ಸ್ಥಿತಿಯನ್ನು ನೋಡಿದ ಮೇಲೆ ಊರಿನ ಹಿರಿಯರು ಹೋಗಿ ಮಾತನಾಡಬೇಕಾಯಿತು. ಬರೆದವನಿಗೂ ತಿಳಿಯದೆ, ಓದಿದವನಿಗೂ ತಿಳಿಯದೆ ಆ ಸಾಲು ತಾಯಿಯನ್ನು ಮುಟ್ಟಿತ್ತು. ಎಲ್ಲ ಹೆಣ್ಣುಮಕ್ಕಳಿಗೂ ಅಂಥ ಒಂದು ಸಾಲು ಹೊಳೆಯಿತೇ, ಎಲ್ಲ ತಾಯಂದಿರಿಗೂ ಅದು ತಿಳಿಯಿತೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ತಂತಿಯ ವಿಷಯವಂತೂ ಕೇಳುವುದೇ ಬೇಡ. ಬರುತ್ತಿದ್ದುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಮಾತಿಗಿಷ್ಟೆಂದು ಹಣವಾದ್ದರಿಂದ ನಾಲ್ಕೈದು ಪದಗಳಲ್ಲಿ. 'ತಂತಿ ಬಂತು' ಎಂದರೆ ಸಾವು ಬಂತೆಂದೇ ಅರ್ಥ. ಲಕೋಟೆ ಒಡೆಯುವ ಮೊದಲೇ ಹೆಂಗಸರು ಎದೆ ಬಡಿದುಕೊಂಡು ಅಳಲಾರಂಭಿಸುತ್ತಿದ್ದರು. ಅಂಥ ಅಳುವಿನ ನಡುವೆ ನಾನು ಓದಿದ ತಂತಿಯೊಂದರಲ್ಲಿ ಹುಬ್ಬಳ್ಳಿಯ ಕಡೆ ಕೆಲಸದಲ್ಲಿದ್ದ ಮಗನಿಗೆ ಗಂಡು ಮಗುವಾಗಿದೆ ಎಂದಿತ್ತು! ಅಳು ನಗುವಾಗಿ ತಿರುಗಲು ಅಂದು ಬಹಳ ಹೊತ್ತು ಹಿಡಿಯಿತು. ಆ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ದೇಶದಾದ್ಯಂತ ನಿಂತುಹೋಯಿತು.

ಇನ್ನು ರೇಡಿಯೋ. ಕನ್ನಡ ನಾಡಿನಲ್ಲಿ ಅದರ ಆರಂಭ 1935ರಲ್ಲಿ, ಮೈಸೂರಿನಲ್ಲಿ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರ ಯಂತ್ರವನ್ನಿಟ್ಟುಕೊಂಡು ಪ್ರಾರಂಭಿಸಿದ ಆ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಗೇ ಆ ಹೆಸರಾಯಿತು. ಆದರೆ ನಮ್ಮ ತಾಲ್ಲೂಕಿನ ಹಳ್ಳಿಗರಿಗೆ ಅದು ಕೇಳಿಸಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕಾಗಿ ನೆರೆದಿದ್ದ ಜನರ ಮೇಲೆ ಗೋಲೀಬಾರ್ ನಡೆದಾಗ, ಆ ಸುದ್ದಿ ಸುತ್ತಮುತ್ತಲ ಹಳ್ಳಿಗಳಿಗೆ ಮುಟ್ಟಿದ್ದು ಅಲ್ಲಿಂದ ಓಡಿಬಂದವರ ಬಾಯಿಯಿಂದ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ಬೆಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1955ರ ನವೆಂಬರಿನಲ್ಲಿ. ಅದೇ ದಶಕದ ಕೊನೆಗೆ ಸರ್ಕಾರವು ಹಳ್ಳಿಗರು ಒಟ್ಟಿಗೆ ಕುಳಿತು ಕೇಳಿ ಚರ್ಚಿಸಲೆಂದು ರೇಡಿಯೋ ಗ್ರಾಮ ಗೋಷ್ಠಿಗಳನ್ನು ದೇಶದಲ್ಲೆಲ್ಲ ಹರಡಿತು. 1956ರಲ್ಲಿ ಪುಣೆಯ ಸುತ್ತಿನ ಹಳ್ಳಿಗಳಲ್ಲಿ ನಡೆಸಿದ ಪ್ರಯೋಗ ಅದಕ್ಕೆ ಮೂಲ. ಪಂಚಾಯಿತಿಗಳಿಗೆ ಸಮುದಾಯ ರೇಡಿಯೋ ಬಂದದ್ದು ಈ ಕಾಲದಲ್ಲಿ. ಮರದ ಪೆಟ್ಟಿಗೆ, ಅದಕ್ಕೊಂದು ಬೀಗ, ಚಾವಡಿಯ ಮಾಡಿಗೆ ಕಟ್ಟಿದ ಧ್ವನಿವರ್ಧಕ. ಸಂಜೆಯ ಗ್ರಾಮಸ್ಥರ ಕಾರ್ಯಕ್ರಮಕ್ಕೆ ಪೆಟ್ಟಿಗೆ ತೆರೆಯಬೇಕೆಂಬುದು ನಿಯಮ. ಬೀಗದಕೈ ಇದ್ದವರು ಊರಿನಲ್ಲಿದ್ದರೆ ತೆರೆಯುತ್ತಿತ್ತು, ಇಲ್ಲವಾದರೆ ಇಲ್ಲ. ಗಂಡಸರು ಚಾವಡಿಯ ಜಗಲಿಯ ಮೇಲೆ ಕುಳಿತು ಕೇಳುವರು. ಹೆಂಗಸರು ಅಲ್ಲಿ ನಿಲ್ಲುವ ಪದ್ಧತಿಯಿರಲಿಲ್ಲ. ಆದರೂ ಬಾವಿಗೆ ಹೋಗುವ ದಾರಿ ಚಾವಡಿಯ ಪಕ್ಕದಲ್ಲೇ ಇತ್ತು. ಒಳ್ಳೆಯ ಹಾಡು ಬರುವ ಹೊತ್ತಿಗೆ ಬಾವಿಯ ಬಳಿ ಬಿಂದಿಗೆಗಳು ಹೆಚ್ಚಾಗುತ್ತಿದ್ದವು ಎಂಬುದನ್ನು ನಾನೇ ಗಮನಿಸಿದ್ದೇನೆ.

ಮನೆಯ ರೇಡಿಯೋಕ್ಕೆ ಆಗ ಲೈಸೆನ್ಸ್ ಬೇಕಾಗಿತ್ತೆಂದರೆ ಇಂದಿನ ಮಕ್ಕಳು ನಗುತ್ತಾರೆ. ಅಂಚೆ ಕಚೇರಿಯಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ, ಸಣ್ಣ ಪುಸ್ತಕವೊಂದರಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು. ತನಿಖೆಯವರು ಬರುತ್ತಾರೆಂಬ ಸುದ್ದಿ ಹಬ್ಬಿದರೆ ಲೈಸೆನ್ಸ್ ಇಲ್ಲದ ರೇಡಿಯೋಗಳು ರಾಗಿಯ ವಾಡೆಗಳೊಳಗೆ ಸೇರುತ್ತಿದ್ದವು. ಈ ಪದ್ಧತಿ ರದ್ದಾದದ್ದು 1980ರ ದಶಕದ ಮಧ್ಯಭಾಗದಲ್ಲಿ. ವಾಲ್ವ್ ರೇಡಿಯೋಗಳು ವಿದ್ಯುತ್ತಿದ್ದ ಅನುಕೂಲಸ್ಥರ ಮನೆಗಳಿಗಷ್ಟೇ ಸೀಮಿತವಾಗಿದ್ದವು. ನಿಜವಾಗಿ ಹಳ್ಳಿಯನ್ನು ಬದಲಾಯಿಸಿದ್ದು ಸೆಲ್ಲಿನ ಮೇಲೆ ನಡೆಯುವ ಟ್ರಾನ್ಸಿಸ್ಟರ್. ಮದುವೆಯಲ್ಲಿ ಅಳಿಯನಿಗೆ ಕೊಡುವ ಸಾಮಾನುಗಳ ಪಟ್ಟಿಗೆ ವಾಚು, ಸೈಕಲ್ಲಿನ ಜೊತೆ ಅದೂ ಸೇರಿತು. ಚರ್ಮದ ಚೀಲದಲ್ಲಿ ಹೆಗಲಿಗೇರಿ ಹೊಲಕ್ಕೆ ಹೋಯಿತು, ಕಡಲೆಕಾಯಿ ಬಿಡಿಸುವ ಕಣಕ್ಕೆ ಹೋಯಿತು. ಸೆಲ್ಲು ಸೋತರೆ ಬಿಸಿಲಿಗಿಟ್ಟು ಇನ್ನೆರಡು ದಿನ ನಡೆಸುತ್ತಿದ್ದರು.

ಟ್ರಾನ್ಸಿಸ್ಟರಿಗೆ ಅಕ್ಷರ ಬೇಕಾಗಿರಲಿಲ್ಲ. ಅದುವರೆಗೆ, ರೈಲಿನಲ್ಲಿ ಗೌರಿಬಿದನೂರಿಗೆ ಬಂದು ಅಲ್ಲಿಂದ ಬಸ್ಸಿನಲ್ಲಿ ಹಳ್ಳಿ ಸೇರುವ ದಿನಪತ್ರಿಕೆಯನ್ನು ನಾನು ಅರಳಿಕಟ್ಟೆಯ ಮೇಲೆ ಓದಿ ಹೇಳುವುದು, ಹತ್ತಾರು ಜನ ಕೇಳುವುದು ರೂಢಿಯಾಗಿತ್ತು. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂಬುದು ನನ್ನ ಇಷ್ಟ. ಟ್ರಾನ್ಸಿಸ್ಟರ್ ಬಂದ ಮೇಲೆ ನನ್ನ ಕೇಳುಗರಲ್ಲಿ ಒಬ್ಬರಾದ, ಹೆಬ್ಬೆಟ್ಟೊತ್ತುವ ವೃದ್ಧರೊಬ್ಬರು ಒಂದು ದಿನ ನನ್ನನ್ನು ತಡೆದು, "ಅದು ನೆನ್ನೆ ಮಾತು ಬಿಡಿ ಮೇಷ್ಟ್ರೇ, ಬೆಳಗ್ಗೆ ವಾರ್ತೇಲಿ ಬೇರೆ ಹೇಳಿದ್ರು" ಎಂದರು. ಅಂದು ನನ್ನ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾದದ್ದು ನಿಜ. ಆದರೆ ಯೋಚಿಸಿ ನೋಡಿದರೆ, ಎಪ್ಪತ್ತು ವರ್ಷಗಳ ಬಾಳಿನಲ್ಲಿ ಆ ಮನುಷ್ಯರು ಮೊದಲ ಬಾರಿಗೆ ಇನ್ನೊಬ್ಬರ ಹಂಗಿಲ್ಲದೆ ಲೋಕದ ಸುದ್ದಿಯನ್ನು ತಿಳಿದಿದ್ದರು. ಮನೆಯೊಳಗೆ ಆದ ಬದಲಾವಣೆ ಇನ್ನೂ ದೊಡ್ಡದು. ಚಾವಡಿಯಲ್ಲಿ ನಿಲ್ಲಲಾಗದಿದ್ದ ಹೆಂಗಸರು ಅಡುಗೆಮನೆಯಲ್ಲೇ ಬೆಂಗಳೂರನ್ನು ಕೇಳಿದರು. ಮುಳ್ಳನ್ನು ಸ್ವಲ್ಪ ತಿರುಗಿಸಿ ಕಡಪದ ತೆಲುಗನ್ನೂ ಕೇಳಿದರು. ಎಷ್ಟೋ ಮನೆಗಳಲ್ಲಿ ಶುದ್ಧವಾದ ಕನ್ನಡ ಮೊದಲು ಪ್ರವೇಶಿಸಿದ್ದು ಶಾಲೆಯ ಪುಸ್ತಕದಿಂದಲ್ಲ, ರೇಡಿಯೋದಿಂದ.

ಇಲ್ಲಿ ನಮ್ಮ ತಾಲ್ಲೂಕಿನ ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1965ರ ಸುಮಾರಿಗೆ ಅಣುಶಕ್ತಿ ಇಲಾಖೆಯವರು ಗೌರಿಬಿದನೂರಿನ ಬಳಿ ಭೂಕಂಪನಗಳನ್ನು ಗುರುತಿಸುವ ಉಪಕರಣಗಳ ಜಾಲವೊಂದನ್ನು ಸ್ಥಾಪಿಸಿದರು. ಸಾವಿರಾರು ಕಿಲೋಮೀಟರ್ ದೂರದಲ್ಲಿ ನಡೆಯುವ ಭೂಗರ್ಭ ಅಣುಸ್ಫೋಟದ ಸಣ್ಣ ಕಂಪನವೂ ಅಲ್ಲಿ ದಾಖಲಾಗುತ್ತದೆ. 1976ರಲ್ಲಿ ಕೋಟಾಲದಿನ್ನೆಯ ಬಯಲಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಸೇರಿ ರೇಡಿಯೋ ದೂರದರ್ಶಕವನ್ನು ನಿರ್ಮಿಸಿದವು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನಿಲ್ಲಿಸಿದ ಒಂದು ಸಾವಿರ ಆಂಟೆನಾಗಳ ಮೂಲಕ ಸೂರ್ಯನಿಂದಲೂ ನಕ್ಷತ್ರಲೋಕದಿಂದಲೂ ಬರುವ ಕ್ಷೀಣವಾದ ಅಲೆಗಳನ್ನು ಅದು ಹಿಡಿಯುತ್ತಿತ್ತು. ಮಕ್ಕಳನ್ನು ಕರೆದೊಯ್ದು ತೋರಿಸಿದಾಗ, ಬಟ್ಟೆ ಒಣಹಾಕುವ ತಂತಿಯಂತಿದೆಯಲ್ಲ ಎಂದು ಒಬ್ಬ ಹುಡುಗ ಕೇಳಿದ್ದ. ಈ ಎರಡು ಸಂಸ್ಥೆಗಳ ಬಗ್ಗೆ ನಮಗೆಲ್ಲ ಹೆಮ್ಮೆಯಿದೆ, ಇರಲೇಬೇಕು. ಆದರೆ ಭೂಮಿಯಾಚೆಯ ಸದ್ದಿಗೂ ಭೂಮಿಯೊಳಗಿನ ಸದ್ದಿಗೂ ಕಿವಿಗೊಟ್ಟಿದ್ದ ಅದೇ ತಾಲ್ಲೂಕಿನಲ್ಲಿ, ಅದೇ ವರ್ಷಗಳಲ್ಲಿ, ಪಕ್ಕದ ಸೀಮೆಗೆ ಕೊಟ್ಟ ಮಗಳ ಅಳು ತಾಯಿಗೆ ಕೇಳಿಸುತ್ತಿರಲಿಲ್ಲ. ವಿಜ್ಞಾನದ ಪ್ರಗತಿಯನ್ನು ಲೆಕ್ಕ ಹಾಕುವಾಗ ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಟೆಲಿವಿಷನ್ ಕರ್ನಾಟಕದ ಹಳ್ಳಿಗಳಿಗೆ ಮೊದಲು ಬಂದದ್ದು ಬೆಂಗಳೂರಿನ ಸುತ್ತಮುತ್ತಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪೆಟ್ಟಿಗೆಗಳನ್ನು ಕೊಟ್ಟರು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳದ್ದಾಗಿತ್ತು. ನಮ್ಮ ಕಡೆಗೆ ಟೆಲಿವಿಷನ್ ಬಂದದ್ದು 1980ರ ದಶಕದಲ್ಲಿ, ಅದೂ ಊರಿಗೊಂದು ಎರಡು ಮನೆಗಳಿಗೆ. 1987ರ ಜನವರಿಯಲ್ಲಿ ರಾಮಾಯಣ ಧಾರಾವಾಹಿ ಆರಂಭವಾದಾಗ ಭಾನುವಾರ ಬೆಳಗ್ಗೆ ಊರಿಗೆ ಊರೇ ಆ ಮನೆಗಳ ಮುಂದೆ ನೆರೆಯುತ್ತಿತ್ತು. ಭಾಷೆ ಹಿಂದಿ. ಆಗ ಅರ್ಥ ಹೇಳುತ್ತಿದ್ದವರು ಶಾಲೆಯಲ್ಲಿ ಅಷ್ಟಿಷ್ಟು ಹಿಂದಿ ಕಲಿತಿದ್ದ ಹುಡುಗ ಹುಡುಗಿಯರು. ಅಜ್ಜಿಗೆ ಮೊಮ್ಮಗಳು ರಾಮಾಯಣದ ಅರ್ಥ ಹೇಳುವುದನ್ನು ನಾನು ಕಂಡದ್ದು ಅದೇ ಮೊದಲು. ಕಥೆಯೆಲ್ಲ ಅಜ್ಜಿಗೇ ಚೆನ್ನಾಗಿ ಗೊತ್ತಿದ್ದರೂ ಮೊಮ್ಮಗಳು ಹೇಳಲೆಂದು ಸುಮ್ಮನೆ ಕೇಳುತ್ತಿದ್ದರು.

ಆ ದಿನಗಳನ್ನು ನೆನೆದು, ಊರೆಲ್ಲ ಒಂದಾಗಿ ಕುಳಿತು ನೋಡುತ್ತಿದ್ದೆವು ಎಂದು ಅನೇಕರು ಬರೆಯುತ್ತಾರೆ. ಅದು ಪೂರ್ತಿ ನಿಜವಲ್ಲ. ನಡುಮನೆಯಲ್ಲಿ ಕುಳಿತವರು ಕೆಲವರು, ಜಗಲಿಯಲ್ಲಿ ಕುಳಿತವರು ಕೆಲವರು. ಕಾಲೋನಿಯ ಮಕ್ಕಳು ಕಿಟಕಿಯ ಹೊರಗೆ ಕಂಬಿ ಹಿಡಿದು ನಿಂತು ನೋಡುತ್ತಿದ್ದರು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಮಕ್ಕಳು ಭಾನುವಾರ ಬೆಳಗ್ಗೆ ಹೀಗೆ ಬೇರೆಯಾಗುತ್ತಿದ್ದರು. ಚಾವಡಿಯ ರೇಡಿಯೋ ಯಾರ ಸ್ವತ್ತಾಗಿದ್ದರೂ ಅದರ ದನಿ ಕಾಲೋನಿಯವರೆಗೂ ಹೋಗುತ್ತಿತ್ತು. ಟೆಲಿವಿಷನ್ ನೋಡಬೇಕಾದರೆ ಯಾರದೋ ಹೊಸ್ತಿಲ ಬಳಿಗೆ ಹೋಗಬೇಕಾಗಿತ್ತು. ಆ ಮಕ್ಕಳಲ್ಲಿ ಹಲವರು ಮುಂದೆ ದುಡಿಯುವಂತಾದಾಗ ಮನೆಗೆ ತಂದ ಮೊದಲ ವಸ್ತು ಟೆಲಿವಿಷನ್. ಸಾಲ ಮಾಡಿ ಟಿ.ವಿ. ತಂದರೆಂದು ಆಡಿಕೊಂಡವರಿದ್ದರು. ಅವರು ಕಿಟಕಿಯ ಒಳಗಿದ್ದವರು.

ಕೊನೆಯದಾಗಿ ದೂರವಾಣಿ. ಟ್ರಂಕ್ ಕಾಲ್ ಕಾಲದಲ್ಲಿ ಹೆಸರು, ಊರು ಬರೆಸಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಸಂಪರ್ಕ ಸಿಕ್ಕಾಗ ಕೂಗಿ ಮಾತನಾಡಬೇಕಾದ್ದರಿಂದ ಸುತ್ತಲಿನವರಿಗೆಲ್ಲ ಮನೆಯ ವಿಷಯ ತಿಳಿಯುತ್ತಿತ್ತು. ಗ್ರಾಮೀಣ ದೂರವಾಣಿಯ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳ ಧೂಳು, ಸೆಕೆಗಳನ್ನು ತಡೆಯುವಂತೆ, ಹವಾನಿಯಂತ್ರಣದ ಅಗತ್ಯವಿಲ್ಲದಂತೆ ರೂಪಿಸಿದ 128 ಸಂಪರ್ಕಗಳ ಪುಟ್ಟ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ಮೊದಲು ಸ್ಥಾಪಿಸಿದ್ದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ. ಅದಾದ ಮೇಲೆ ಎಸ್.ಟಿ.ಡಿ. ಬೂತುಗಳ ಹಳದಿ ಫಲಕಗಳು ಎಲ್ಲೆಡೆ ಕಂಡವು. ರಾತ್ರಿ ತಡವಾದಂತೆ ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಬಂದು ಸರದಿಯಲ್ಲಿ ನಿಲ್ಲುತ್ತಿದ್ದರು. ಗಾಜಿನ ಬಾಗಿಲೇನೋ ಇತ್ತು. ಆದರೆ ಕಣ್ಣೆಲ್ಲ ಕೆಂಪು ಅಂಕಿಗಳು ಓಡುವ ಮೀಟರಿನ ಮೇಲೆ. ಇನ್ನು ಮಗಳ ಊರಿನಲ್ಲಿ ಫೋನ್ ಎತ್ತುವವರು ಆ ಊರಿನ ಅನುಕೂಲಸ್ಥರು. ಅವರು ಹೇಳಿ ಕಳುಹಿಸಿ, ಮಗಳು ಬಂದು, ಅವರ ನಡುಮನೆಯಲ್ಲಿ ನಿಂತು ಮಾತನಾಡಬೇಕು. ಮತ್ತೆ ಅದೇ 'ಕ್ಷೇಮ'.

ಭಾರತದಲ್ಲಿ ಮೊಬೈಲ್ ದೂರವಾಣಿ ಪ್ರಾರಂಭವಾದದ್ದು 1995ರಲ್ಲಾದರೂ ಹಳ್ಳಿಯ ಬಡವರ ಮಟ್ಟಿಗೆ ನನಗೆ ಮುಖ್ಯವಾಗಿ ಕಾಣುವ ಇಸವಿ 2003. ಆ ವರ್ಷದ ಮೇ ತಿಂಗಳಿನಿಂದ ಬರುವ ಕರೆಗಳಿಗೆ ಹಣ ಕೊಡಬೇಕಾಗಿಲ್ಲವೆಂದಾಯಿತು. ಕೈಯಲ್ಲಿ ಕಾಸಿಲ್ಲದ ಹೆಣ್ಣುಮಗಳೂ ಒಂದು 'ಮಿಸ್ಡ್ ಕಾಲ್' ಕೊಟ್ಟು ತೌರಿನವರಿಂದ ಕರೆ ಮಾಡಿಸಿಕೊಳ್ಳಬಹುದಾಯಿತು. ದನದ ಕೊಟ್ಟಿಗೆಯಲ್ಲಿಯೋ ಹಿತ್ತಿಲ ಕರಿಬೇವಿನ ಗಿಡದ ಮರೆಯಲ್ಲಿಯೋ ನಿಂತು ಮೆಲ್ಲನೆ ತನ್ನ ಮಾತಿನಲ್ಲೇ ತಾಯಿಗೆ ಹೇಳಬೇಕಾದ್ದನ್ನು ಹೇಳಬಹುದಾಯಿತು. ಬರೆಯುವವರು ಬೇಡ, ಓದುವವರು ಬೇಡ, ಲಿಪಿ ಬೇಡ. ಎಲ್ಲ ಮನೆಗಳಲ್ಲೂ ಹೀಗಾಯಿತೆಂದು ನಾನು ಹೇಳಲಾರೆ. ಫೋನನ್ನು ಗಂಡ ತನ್ನ ಜೇಬಿನಲ್ಲೇ ಇಟ್ಟುಕೊಂಡ ಮನೆಗಳೂ ಇದ್ದವು, ಇಂದಿಗೂ ಇವೆ. ಆದರೆ ದಾರಿಯೊಂದು ತೆರೆದದ್ದಂತೂ ನಿಜ.

ಪತ್ರ ಬರೆಯುವ ಕಲೆ ನಶಿಸಿತು, ಒಟ್ಟಿಗೆ ಕೂತು ಕೇಳುವ ಸುಖ ಹೋಯಿತು ಎಂದು ನನ್ನ ವಯಸ್ಸಿನವರು ಮರುಗುವುದನ್ನು ಕೇಳುತ್ತೇನೆ. ಆ ಮರುಕದಲ್ಲಿ ನನಗೂ ಪಾಲಿದೆ. ಒಳ್ಳೆಯ ಅಕ್ಷರದ ಕಾಗದವನ್ನು ಕಂಡರೆ ಇಂದಿಗೂ ಕೈಗೆತ್ತಿಕೊಳ್ಳುತ್ತೇನೆ. ಆದರೆ ಮರುಗುವವರೆಲ್ಲ ಓದು ಬಲ್ಲವರು, ನಡುಮನೆಯಲ್ಲಿ ಕುಳಿತಿದ್ದವರು ಎಂಬುದನ್ನು ಮರೆಯಬಾರದು. ಇನ್ನೊಬ್ಬರ ಬಾಯಿಯಿಂದ ತಮ್ಮ ಮನೆಯ ಸುದ್ದಿ ಕೇಳಬೇಕಾಗಿದ್ದವರು ಆ ಕಾಲಕ್ಕಾಗಿ ಮರುಗಿದ್ದನ್ನು ನಾನು ಕಂಡಿಲ್ಲ. ಇಂದು ನಡುವಿನವರು ಬೇರೆ ರೂಪದಲ್ಲಿ ಮರಳಿದ್ದಾರೆ ಎಂಬುದೂ ಸತ್ಯ. ಯಾರು ಬರೆದರೆಂದು ತಿಳಿಯದ ಸಂದೇಶಗಳು ಕೈಯಿಂದ ಕೈಗೆ ದಾಟುತ್ತಿವೆ. ಅರಳಿಕಟ್ಟೆಯಲ್ಲಿ ಓದುತ್ತಿದ್ದ ಮೇಷ್ಟ್ರು ತಪ್ಪು ಹೇಳಿದರೆ ಮಾರನೆಯ ದಿನ ಹಿಡಿದು ಕೇಳಬಹುದಾಗಿತ್ತು. ಈ ಸಂದೇಶಗಳನ್ನು ಬರೆದವರು ಕೈಗೆ ಸಿಗುವುದಿಲ್ಲ. ಆದ್ದರಿಂದ ಬಂದದ್ದನ್ನೆಲ್ಲ ನಂಬದೆ, ಎಲ್ಲಿಂದ ಬಂತೆಂದು ಕೇಳಿ ನೋಡಿ ಎಂಬುದು ಹಳೆಯ ಮೇಷ್ಟ್ರ ಬುದ್ಧಿಮಾತು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಗಳ ಅಟ್ಟದಲ್ಲಿ ಹಳೆಯ ಕಾಗದಗಳ ಕಟ್ಟು, ರೇಡಿಯೋ ಲೈಸೆನ್ಸಿನ ಪುಸ್ತಕ ಇನ್ನೂ ಇರಬಹುದು. ದಯವಿಟ್ಟು ಎಸೆಯಬೇಡಿ. ಅಜ್ಜಿಯರು ಇನ್ನೂ ಇದ್ದರೆ ಅವರ ಬಳಿ ಕುಳಿತು ಆ ಕಾಗದಗಳನ್ನು ಒಮ್ಮೆ ಓದಿ ಹೇಳಿ. ಓದಿದ ಮೇಲೆ, ಅಂದು ಬರೆಸಬೇಕೆಂದಿದ್ದು ಬರೆಸಲಾಗದೆ ಹೋದದ್ದು ಏನೆಂದು ಕೇಳಿ. ಅವರು ಹೇಳುವುದನ್ನು ಅವರ ಮಾತಿನಲ್ಲೇ ಬರೆದಿಡಿ. ನಮ್ಮ ತಾಲ್ಲೂಕಿನ ಚರಿತ್ರೆಯ ಆ ಭಾಗ ಯಾವ ಕಚೇರಿಯ ದಾಖಲೆಯಲ್ಲಿಯೂ ಸಿಗುವುದಿಲ್ಲ.